ಘಾಟಿನ ಮೇಲಿನ ಇಲ್ಲದ ಗುಡಿ

ಬೂದೆಪ್ಪ ಹುಲಿ ಕಂಡವನು. ಹೈದರಾಬಾದಿನ ಜೀಡಿಮೆಟ್ಲಾದ ಅವನ ಗಲ್ಲಿಯಲ್ಲಿ ಇದು ಹಾಲು ಹಾಕುವವನಿಗೂ ಗೊತ್ತಿತ್ತು. ಇಲ್ಲಿಯ ಔಷಧಿ ಫ್ಯಾಕ್ಟರಿಗಳ ಮಾಲು ಹೇರಿಕೊಂಡು ನಾಗಪುರಕ್ಕೆ ಹೋಗುವುದು, ಅಲ್ಲಿ ಸಿಕ್ಕ ಮಾಲು ತುಂಬಿಕೊಂಡು ಹೈದರಾಬಾದಿಗೆ ಮರಳುವುದು ಅವನ ನೌಕರಿ. ಹಾಗೆ ಮರಳುವಾಗ ಒಮ್ಮೆ, ನಿರ್ಮಲ್ ಘಾಟಿನ ನಟ್ಟನಡುವೆ, ಕಗ್ಗತ್ತಲಲ್ಲಿ, ರಸ್ತೆಗೆ ಅಡ್ಡವಾಗಿ ಹುಲಿ ಮಲಗಿತ್ತಂತೆ. ಬೂದೆಪ್ಪ ಲೈಟು ಆರಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, "ನೀನೂ ಹೊಟ್ಟಿಪಾಡಿಗೆ ಬಂದಾಂವ, ನಾನೂ ಹೊಟ್ಟಿಪಾಡಿಗೆ ಬಂದಾಂವ. ಹಾದಿ ಬಿಡಪಾ" ಅಂದನಂತೆ. ಹುಲಿ ಎದ್ದು, ಮೈಮುರಿದು, ಹಾದಿ ಬಿಟ್ಟಿತಂತೆ. ಮಗಳು ರೇಣುಕಾ ಸಣ್ಣವಳಿದ್ದಾಗ ಈ ಕಥೆ ಕೇಳದೆ ಉಣ್ಣುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಅದು ಹುಲಿಯಲ್ಲ, ಒಂದು ಕರು. ಕತ್ತಲೆಯೂ ಅಲ್ಲ, ಎಳೆಬಿಸಿಲು. ಆ ಕರು ಕೂಡ ಬೂದೆಪ್ಪನ ಮಾತು ಕೇಳಿ ಎದ್ದದ್ದಲ್ಲ. ಹಿಂದಿನ ಲಾರಿಯವನು ಹಾರ್ನ್ ಹೊಡೆದಿದ್ದಕ್ಕೆ ಎದ್ದಿತ್ತು.

ಬೂದೆಪ್ಪನಿಗೆ ಕತ್ತಲಾದ ಮೇಲೆ ಘಾಟು ಇಳಿಯಲು ಅಂಜಿಕೆ. ಹೇಳಿಕೊಳ್ಳಲು ಒಂದು ಕಾರಣವಾದರೂ ಇದ್ದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಗಾಡಿ ಉರುಳಿರಲಿಲ್ಲ, ಬ್ರೇಕು ಕೈಕೊಟ್ಟಿರಲಿಲ್ಲ, ದೆವ್ವವೂ ಕಂಡಿರಲಿಲ್ಲ. ಒಂದು ರಾತ್ರಿ ಇಳಿಯುವಾಗ ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆದು, ಒಂದೇ ಒಂದು ಕ್ಷಣ ರಸ್ತೆ ಎಲ್ಲಿದೆಯೆಂಬುದು ತಿಳಿಯದೆ ಹೋಯಿತು. ಆಮೇಲೆ ತಿಳಿಯಿತು, ಗಾಡಿ ಸುರಳೀತ ಇಳಿಯಿತು, ಕೆಳಗೆ ಬಂದು ಚಹಾನೂ ಕುಡಿದ. ಅಷ್ಟೇ. ಆದರೆ ಅಂದಿನಿಂದ ಹೊತ್ತು ಮುಳುಗಿತೆಂದರೆ ಅವನ ಬಲಗಾಲು ಬ್ರೇಕಿನ ಮೇಲೆ ಸತ್ಯಾಗ್ರಹಕ್ಕೆ ಕೂತುಬಿಡುತ್ತಿತ್ತು. ಹೋಗುವಾಗ ಹೇಗೋ ಬೆಳಕಿರುವಂತೆ ನೋಡಿಕೊಳ್ಳುತ್ತಿದ್ದ. ಬರುವಾಗಲೇ ಫಜೀತಿ. ಘಾಟಿನ ಮೇಲೆ ಒಂದು ಬೇವಿನ ಮರ, ಅದರ ಪಕ್ಕ ಮುಚ್ಚಿಹೋದ ಪಂಕ್ಚರ್ ಅಂಗಡಿ. ಆ ಮರದ ಕೆಳಗೆ ಗಾಡಿ ಹಚ್ಚಿ ಮಲಗಿಬಿಡುವುದು, ಬೆಳಕು ಹರಿದ ಮೇಲೆ ಮೀಸೆ ತಿರುವಿ ಇಳಿಯುವುದು. ತಡವಾದದ್ದಕ್ಕೆ ಇಂಜಿನ್ನೋ, ಟೈರೋ, ಪೊಲೀಸರೋ, ಯಾರಾದರೂ ತಲೆ ಕೊಡುತ್ತಿದ್ದರು. ಹೀಗೆ ಎಷ್ಟೋ ವರ್ಷ ಹುಲಿಯ ಮಾನ ಉಳಿಯಿತು.

ಮಾನಕ್ಕೆ ಸಂಚಕಾರ ಬಂದದ್ದು ಆಕಾಶದಿಂದ. ಆಗ ಹೈದರಾಬಾದಿನಲ್ಲಿ ಗಾಜಿನ ಕಟ್ಟಡಗಳು ರಾತ್ರೋರಾತ್ರಿ ಏಳುತ್ತಿದ್ದ ಕಾಲ. ಕಿರಾಣಿ ಅಂಗಡಿಯವನೂ ಮಗನನ್ನು ಅಮೀರ್‌ಪೇಟೆಗೆ ಕಂಪ್ಯೂಟರ್ ಕಲಿಯಲು ಕಳಿಸುತ್ತಿದ್ದ. ಬೂದೆಪ್ಪನ ಲಾರಿ ಕಂಪನಿಯ ಮಾಲೀಕರಿಗೂ ಆ ಗಾಳಿ ಬಡಿಯಿತು. ಪ್ರತಿ ಗಾಡಿಯ ಡ್ಯಾಶ್‌ಬೋರ್ಡಿನ ಕೆಳಗೆ ಸಾಬೂನಿನ ಪೆಟ್ಟಿಗೆಯಷ್ಟು ದೊಡ್ಡ ಒಂದು ಜಿಪಿಎಸ್ ಡಬ್ಬಿ ಬಂದು ಕೂತಿತು. ಗಾಡಿ ಎಲ್ಲಿದೆ, ಓಡುತ್ತಿದೆಯೋ ನಿಂತಿದೆಯೋ ಎಂಬುದೆಲ್ಲ ಬೇಗಂಪೇಟೆಯ ಆಫೀಸಿನ ಪರದೆಯ ಮೇಲೆ ಹಸಿರು ಚುಕ್ಕೆಯಾಗಿ ಕಾಣುತ್ತದಂತೆ. ಆ ಪರದೆ ನೋಡುತ್ತ ಕೂರಲು, ನಿಂತ ಗಾಡಿಯವರಿಗೆ ಫೋನು ಮಾಡಿ ಯಾಕೆ ನಿಂತಿರಿ ಎಂದು ಕೇಳಲು, ಹುಡುಗಿಯರು ಬೇಕಂತೆ.

"ನಮ್ಮ ರೇಣುಕಾ ನಾರಾಯಣಗೂಡದಾಗ ಬಿ.ಕಾಂ. ಮುಗಿಸ್ಯಾಳ್ರಿ, ಕಂಪ್ಯೂಟರೂ ಕಲ್ತಾಳ್ರಿ" ಎಂದು ಮ್ಯಾನೇಜರ್ ನರಸಿಂಹನ ಮುಂದೆ ಕೈಕಟ್ಟಿ ನಿಂತು ಹೇಳಿದವನು ಬೇರೆ ಯಾರೂ ಅಲ್ಲ, ಬೂದೆಪ್ಪನೇ. ನೌಕರಿ ಸಿಕ್ಕಿತು. ಗಲ್ಲಿಗೆಲ್ಲ ಪೇಢೆ ಹಂಚಿ ಮನೆಗೆ ಬಂದು, ಚಪ್ಪಲಿ ಬಿಡುವಾಗ ಅವನಿಗೆ ತಾನು ಮಾಡಿಕೊಂಡದ್ದೇನು ಎಂಬುದು ಹೊಳೆಯಿತು. ಇನ್ನು ಬೇವಿನ ಮರದ ಕೆಳಗೆ ಹುಲಿ ಮಲಗುವುದನ್ನು ನೋಡುವವಳು ಆ ಹುಲಿಯ ಕಥೆ ಕೇಳಿ ಬೆಳೆದವಳೇ. ಕೊಡಲಿಗೆ ಕಾವು ತಾನೇ ಕೆತ್ತಿಕೊಟ್ಟಿದ್ದ.

ಮೊದಲ ಕೆಲವು ಟ್ರಿಪ್ಪು ಮರದ ಕೆಳಗೇ ಮಲಗಿದ. ಫೋನು ಬರಲಿಲ್ಲ, ಘಾಟಿನ ಮೇಲೆ ಫೋನಿಗೆ ಸಿಗ್ನಲ್ಲೇ ಇರಲಿಲ್ಲ; ಡಬ್ಬಿಗೆ ಮಾತ್ರ ಆಕಾಶದ ಉಪಗ್ರಹವೇ ಸಾಕಿತ್ತು. ಮನೆಗೆ ಬಂದರೆ ಮಗಳು ಏನೂ ಕೇಳುತ್ತಿರಲಿಲ್ಲ. ಕೇಳದೆ ಇರುವುದೇ ಅವನಿಗೆ ಹೆಚ್ಚು ಚುಚ್ಚತೊಡಗಿತು. ಉಣ್ಣುವಾಗ ಅವಳು ಸುಮ್ಮನೆ ನಕ್ಕರೂ ಬೇವಿನ ಮರ ನೆನೆದು ನಕ್ಕಳೇನೋ ಅನಿಸುತ್ತಿತ್ತು.

ದಾರಿ ತೋರಿಸಿದವನು ಅಂಬಾದಾಸ. ಬೀದರಿನ ಕಡೆಯವನು, ಅದೇ ಕಂಪನಿಯ ಇನ್ನೊಂದು ಲಾರಿಯ ಡ್ರೈವರ್. ಒಂದು ಸಂಜೆ ಘಾಟಿನ ಮೇಲೆ ಬೂದೆಪ್ಪನ ಗಾಡಿ ಕಂಡು ನಿಲ್ಲಿಸಿದ.

"ಏನಣ್ಣಾ, ಮತ್ತ ಇಂಜಿನ್ ಕಾದೈತೇನು?"

"ಹೂಂ, ಭಾಳ ಕಾದೈತಿ."

ಅಂಬಾದಾಸ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿದ. ಏನೂ ಹೇಳಲಿಲ್ಲ. ಒಳ್ಳೆಯ ಮನುಷ್ಯ.

"ಡಬ್ಬಿ ನನ್ನ ಕೈಯಾಗ ಕೊಡು. ಎರಡು ವೈರು, ನನ್ನ ಬ್ಯಾಟರಿಗೆ ಹಚ್ಚಿದ್ರ ಆತು. ನಾ ಓಡಿಸ್ಕೊಂಡು ಹೋಗ್ತೀನಿ, ಆಫೀಸಿನಾಗ ನಿನ್ನ ಗಾಡಿನೂ ಓಡಾಕತ್ತೈತಿ ಅಂತ ಕಾಣ್ತೈತಿ. ನೀ ನಿನ್ನ ಇಂಜಿನ್ ಆರಿಸ್ಕೊಂಡು ಆರಾಮ ಬಾ. ಮುಂಜಾನೆ ಮೇಡ್ಚಲ್‌ನಾಗ ಚಹಾದ ಹೋಟೆಲ್ ಮುಂದ ಕೊಡ್ತೀನಿ."

ಬೂದೆಪ್ಪನಿಗೆ ಅವನ ಕಾಲಿಗೆ ಬೀಳಬೇಕೆನಿಸಿತು. ಡಬ್ಬಿ ಬಿಚ್ಚಿ, ಟವೆಲ್ಲಿನಲ್ಲಿ ಸುತ್ತಿ, ಹಸುಗೂಸು ಕೊಟ್ಟಂತೆ ಕೊಟ್ಟ. ಆ ರಾತ್ರಿ ಮಗಳ ಕಣ್ಣಲ್ಲಿ ತಾನು ಕತ್ತಲೆಯ ಘಾಟನ್ನು ಸೀಳಿಕೊಂಡು ಇಳಿಯುತ್ತಿರುವುದನ್ನು ಕಲ್ಪಿಸಿಕೊಳ್ಳುತ್ತ ಬೇವಿನ ಮರದ ಕೆಳಗೆ ಗೊರಕೆ ಹೊಡೆದ.

ಬೆಳಿಗ್ಗೆ ಇಳಿದು ಹೈದರಾಬಾದಿನ ಅಂಚಿನ ಮೇಡ್ಚಲ್ ಮುಟ್ಟಿದರೆ ಅಂಬಾದಾಸ ಇಲ್ಲ. ಫೋನು ಹಚ್ಚಿದರೆ ಸ್ವಿಚ್ ಆಫ್. ಡಬ್ಬಿ ಇಲ್ಲದೆ ಜೀಡಿಮೆಟ್ಲಾದ ಕಂಪನಿ ಯಾರ್ಡಿಗೆ ಹೋಗುವಂತಿಲ್ಲ. ಚುಕ್ಕೆ ಬಾರದೆ ಗಾಡಿ ಬಂದಿತೆಂದರೆ ಏನೆಂದು ಹೇಳುವುದು? ಬೂದೆಪ್ಪ ಹೋಟೆಲಿನ ಬೆಂಚಿನ ಮೇಲೆ ಕೂತು ತನ್ನ ದಾರಿಯನ್ನು ತಾನೇ ಕಾಯತೊಡಗಿದ. ದೇಹ ಬಂದು ಕೂತಿದೆ, ಆತ್ಮ ಇನ್ನೂ ಹಾದಿಯಲ್ಲಿದೆ. ಊರ ಮಠದಲ್ಲಿ ಪುರಾಣ ಹೇಳುವವರು ಇದನ್ನು ಹೇಳಿದಾಗ ಅವನು ನಿದ್ದೆ ಮಾಡಿದ್ದ.

ಫೋನು ಬಂತು. ಆಫೀಸಿನ ನಂಬರು.

"ಡ್ರೈವರ್ ಸಾಬ್, ಗಾಡಿ ಎಲ್ಲೈತ್ರಿ?" ರೇಣುಕಾ. ಆಫೀಸಿನ ದನಿ. ಆದರೆ ಏನೋ ಒಡೆದಂತಿತ್ತು.

"ಓಡಾಕತ್ತೈತವ್ವ! ಕಾಮಾರೆಡ್ಡಿ ದಾಟಿದೆ ನೋಡು ಈಗ."

ಅಷ್ಟರಲ್ಲಿ ಈಚೆ ಹೋಟೆಲಿನವನು "ದೋ ಚಾಯ್, ಏಕ್ ಉಸ್ಮಾನಿಯಾ ಬಿಸ್ಕೂಟ್" ಎಂದು ಕೂಗಿದ.

"ಗಾಡಿ ನಿನ್ನೆ ರಾತ್ರಿಯಿಂದ ಆರ್ಮೂರಿನ ಹತ್ರ ಒಂದು ಮನೀ ಮುಂದ ನಿಂತೈತಿ. ಬಾಜೂಕ ಅಂಬಾದಾಸ ಕಾಕಾನ ಗಾಡಿನೂ ನಿಂತೈತಿ."

ಆರ್ಮೂರಿನ ಹತ್ತಿರ ಅಂಬಾದಾಸನಿಗೆ ಇನ್ನೊಂದು ಸಂಸಾರವಿದೆ ಎಂಬುದು ಇಡೀ ಕಂಪನಿಗೆ ಗೊತ್ತು. ಅವನ ಚುಕ್ಕೆ ಅಲ್ಲಿ ನಿಂತರೆ ಆಫೀಸಿನ ಹುಡುಗಿಯರು "ಕಾಕಾ ಅತ್ತೀಮನೀಗೆ ಹೋದ" ಎಂದು ನಗುತ್ತಾರೆಂದು ರೇಣುಕಾಳೇ ಮನೆಯಲ್ಲಿ ಹೇಳಿದ್ದಳು. ಈಗ ಆ ಅತ್ತೆಮನೆಯ ಮುಂದೆ ಅವಳ ಅಪ್ಪನ ಚುಕ್ಕೆಯೂ ರಾತ್ರಿಯಿಡೀ ಮಿನುಗಿದೆ.

"ಯವ್ವಾ, ಅದು ಹಂಗಲ್ಲ..."

"ಸಂಜೀಕ ಮನೀಗೆ ಬಾ." ಫೋನು ಕಟ್ಟಾಯಿತು.

ಊಟದ ಹೊತ್ತು ಮೀರಿದ ಮೇಲೆ ಅಂಬಾದಾಸ ಬಂದ. ತಲೆಗೆ ಎಣ್ಣೆ, ಬಾಯಲ್ಲಿ ಎಲೆ ಅಡಿಕೆ, ಕಂಕುಳಲ್ಲಿ ಡಬ್ಬಿ.

"ತಪ್ಪು ತಿಳೀಬ್ಯಾಡಣ್ಣಾ. ಆಕಿ ಹೋಳಿಗಿ ಮಾಡಿದ್ಲು, ಉಂಡು ಹೋಗ್ರಿ ಅಂದ್ಲು. ಉಂಡಮ್ಯಾಲ ಕಣ್ಣು ಹತ್ತಿಬಿಡ್ತು."

"ಹೋಳಿಗಿ ಉಂಡಾಂವ ನೀ, ಹೊಟ್ಟಿ ಕೆಟ್ಟಿದ್ದು ನಂದು!" ಎಂದು ಬೂದೆಪ್ಪ ಡಬ್ಬಿ ಕಸಿದುಕೊಂಡ.

ಯಾರ್ಡಿನಿಂದ ಮನೆಗೆ ನಡೆಯುತ್ತ ಲೆಕ್ಕ ಹಾಕಿದ. ದಾರಿ ಇದ್ದದ್ದು ಎರಡೇ. ಸುಮ್ಮನಿದ್ದರೆ ಗಂಡೆದೆಯ ಗಂಡಸು, ಎರಡು ಸಂಸಾರದವನು. ಬಾಯಿ ಬಿಟ್ಟರೆ ಒಂದೇ ಸಂಸಾರದವನು, ಪುಕ್ಕಲ. ಎರಡರ ನಡುವೆ ಮೂರನೆಯದೊಂದು ಸುಳ್ಳು ಸಿಗುವುದೇ ಎಂದು ಗಲ್ಲಿಯ ತಿರುವಿನವರೆಗೂ ಹುಡುಕಿದ. ಇಷ್ಟು ವರ್ಷ ತಲೆ ಕೊಟ್ಟ ಇಂಜಿನ್ನು, ಟೈರು, ಪೊಲೀಸರು, ಯಾರೂ ಇಂದು ಒದಗಲಿಲ್ಲ.

ಮನೆಯಲ್ಲಿ ಹೆಂಡತಿ ಬಂಡೆಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಗಂಡನನ್ನು ನೋಡಿ, "ಮಗಳು ನಿನ್ನೆಯಿಂದ ಒಂದು ತುತ್ತು ಉಂಡಿಲ್ಲ. ಏನ್ ಮಾಡಿ ಬಂದೀರಿ ನೀವು?" ಎಂದಳು. ರೇಣುಕಾ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಕೆಂಪಾಗಿದ್ದವು.

ಬೂದೆಪ್ಪ ನಿಂತಲ್ಲೇ ಹೇಳಿಬಿಟ್ಟ. "ಆ ಮನೀಗೆ ನಾ ಹೋಗಿಲ್ಲ. ಡಬ್ಬಿ ಹೋಗಿತ್ತು. ನಾ ಘಾಟಿನ ಮ್ಯಾಲ ಮಲಗಿದ್ದೆ. ನನಗ... ಕತ್ತಲಾಗ ಘಾಟು ಇಳ್ಯಾಕ ಅಂಜಿಕಿ ಆಕ್ಕೈತಿ. ಹುಲೀನೂ ಸುಳ್ಳು. ಅದು ಕರು."

ಬಂಡೆಮ್ಮ ರೊಟ್ಟಿ ಮಗುಚಿ ಹಾಕಿದಳು. "ಹೌದಾ? ನಾ ಕೋಣ ಅಂದ್ಕೊಂಡಿದ್ದೆ."

"ನೀ ಇಳ್ಯಂಗಿಲ್ಲ ಅಂತ ನನಗ ಗೊತ್ತಿಲ್ಲೇನು?" ರೇಣುಕಾ ದನಿ ಏರಿಸಿದಳು. "ದಿನಾ ನೋಡ್ತೀನಲ್ಲ. ಹೊತ್ತು ಮುಳುಗಿದ್ರ ನಿನ್ನ ಚುಕ್ಕಿ ಘಾಟಿನ ಮ್ಯಾಲ ನಿಂದರತೈತಿ, ಬೆಳಕು ಹರದ್ರ ಇಳೀತೈತಿ. ಅದು ನಿಂತಿದ್ದು ನೋಡಿ ನಾ ಮನೀಗೆ ಬಂದು ನಿದ್ದಿ ಮಾಡ್ತಿದ್ದೆ. ಸಣ್ಣಾಕಿ ಇದ್ದಾಗ ಅಪ್ಪ ಎಲ್ಲಿ ಅಂದ್ರ ಅವ್ವ 'ಹಾದ್ಯಾಗ' ಅಂತಿದ್ಲು. ಎಲ್ಲಿ ಹಾದಿ, ಯಾವ ಹಾದಿ? ಈಗ ಮೊದಲ ಸಲ ನೀ ಎಲ್ಲದೀ ಅಂತ ನನಗ ಗೊತ್ತಾಗಿತ್ತು. ನಿನ್ನೆ ಆ ಚುಕ್ಕಿ ಕತ್ತಲಾಗ ಸರಸರ ಇಳ್ಯಾಕತ್ತಿತು, ಕಾಕಾನ ಚುಕ್ಕೀಗೆ ಅಂಟ್ಕೊಂಡು. ಅದು ನೀ ಅಲ್ಲ ಅಂತ ಆಗ ತಿಳೀತು. ಆದ್ರ ನೀ ಎಲ್ಲಿ? ಫೋನು ಹತ್ತವಲ್ದು. ರಾತ್ರಿಯೆಲ್ಲ ನೀ ಎಲ್ಲೂ ಇರಲಿಲ್ಲ, ಯಪ್ಪಾ."

ಹುಲಿಗೆ ಹಾದಿ ಬಿಡು ಎನ್ನುವಾಗ ಬೂದೆಪ್ಪನಿಗೆ ಎಷ್ಟು ಸಲೀಸಾಗಿ ಮಾತು ಬರುತ್ತಿತ್ತು! ಚೀಲದಲ್ಲಿ ಉಳಿದಿದ್ದ ನಾಗಪುರದ ಕಿತ್ತಳೆ ಹಣ್ಣು ತೆಗೆದು, ಸುಲಿದು, ಮಗಳ ಕೈಗೆ ಕೊಟ್ಟ. ಅವಳು ಒಂದು ತೊಳೆ ಬಾಯಿಗಿಟ್ಟುಕೊಂಡಳು.

"ಡಬ್ಬಿ ಇನ್ನೊಬ್ಬರ ಕೈಯಾಗ ಕೊಡಬ್ಯಾಡ."

"ಇಲ್ಲವ್ವ."

"ಮ್ಯಾನೇಜರ್ ಸಾರಿಗೆ ನಾ ಒಂದು ಹೇಳಿಬಿಟ್ಟೀನಿ" ಎಂದು ರೇಣುಕಾ ಈಗ ತಲೆ ತಗ್ಗಿಸಿದಳು. "ಪ್ರತಿ ಸಲ ಅಲ್ಲೇ ಯಾಕ ನಿಂದರತಾನ ನಿಮ್ಮಪ್ಪ ಅಂತ ಕೇಳಿದ್ರು. ಅಲ್ಲೊಂದು ದೇವರ ಗುಡಿ ಐತಿ, ಭಾಳ ಜಾಗೃತ ದೇವರು, ಮುಂಜಾನೆ ಪೂಜಿ ಮಾಡದ ನಮ್ಮಪ್ಪ ಘಾಟು ಇಳ್ಯಂಗಿಲ್ಲ ಅಂದೆ."

ಬೂದೆಪ್ಪ ಬಂಡೆಮ್ಮನನ್ನು ನೋಡಿದ. "ಯಾರ ಮಗಳು ಮತ್ತ!" ಎಂದಳು ಬಂಡೆಮ್ಮ.

ಮರುದಿನ ನರಸಿಂಹನೇ ಯಾರ್ಡಿಗೆ ಬಂದು ಅವನನ್ನು ಕರೆಸಿದ. ಡಬ್ಬಿಯ ವಿಷಯ ಬಯಲಾಯಿತೆಂದುಕೊಂಡು ಬೂದೆಪ್ಪ ಹೋದರೆ ಆತನ ಮೇಜಿನ ಮೇಲೆ ಒಂದು ತೆಂಗಿನಕಾಯಿ.

"ಏಮಯ್ಯಾ ಬೂದೆಪ್ಪಾ, ನುವ್ವು ಇಂತ ಭಕ್ತುಡಿವಾ!" ಇಷ್ಟು ದೊಡ್ಡ ಭಕ್ತನೆಂದು ತನಗೆ ತಿಳಿದೇ ಇರಲಿಲ್ಲವೆಂದು ನರಸಿಂಹ ತೆಲುಗಿನಲ್ಲಿ ಕೊಂಡಾಡಿದ. ಮಗಳ ಹೆರಿಗೆ ಸಮೀಪಿಸಿದೆ, ತನ್ನ ಹೆಸರಿನಲ್ಲಿ ಈ ಕಾಯಿ ಒಡೆದು ಬಾ ಎಂದ. ಹೆರಿಗೆ ಸುಸೂತ್ರವಾದರೆ ತಾನೇ ಕಾರು ಮಾಡಿಕೊಂಡು ದರ್ಶನಕ್ಕೆ ಬರುತ್ತೇನೆಂದೂ ಹೇಳಿದ.

ಆ ಟ್ರಿಪ್ಪಿನಲ್ಲಿ ನಾಗಪುರಕ್ಕೆ ಹೋಗುವವರೆಗೂ ತೆಂಗಿನಕಾಯಿ ಸೀಟಿನ ಮೇಲೆ ಕೂತು ಬೂದೆಪ್ಪನನ್ನೇ ದಿಟ್ಟಿಸುತ್ತಿತ್ತು. ಮರಳುವಾಗ ಇನ್ನೂ ಬಿಸಿಲಿರುವಾಗಲೇ ಘಾಟಿನ ಮೇಲೆ ನಿಂತ. ಪಂಕ್ಚರ್ ಅಂಗಡಿಯವನು ಚಕ್ರಕ್ಕೆ ಒಡ್ಡುತ್ತಿದ್ದ ಒಂದು ಕರಿಯ ಕಲ್ಲು ಬಿದ್ದಿತ್ತು. ಅದನ್ನು ತೊಳೆದು ಬೇವಿನ ಬುಡದಲ್ಲಿ ನಿಲ್ಲಿಸಿದ. ಕ್ಯಾಬಿನ್ನಿನಲ್ಲಿದ್ದ ಕುಂಕುಮ ಬಳಿದು, ಬಂಪರಿಗೆ ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿಯ ಸರ ಬಿಚ್ಚಿ ಮರಕ್ಕೆ ಕಟ್ಟಿದ. ಕಾಯಿ ಒಡೆದ. ದೇವರು ಹುಟ್ಟಲು ಟೈರು ಬದಲಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ನೆಟ್ಟವನು ತಾನೇ, ಆದರೂ ಕೈ ಮುಗಿಯುವಾಗ ಯಾಕೋ ಕಣ್ಣು ತಾನಾಗಿ ಮುಚ್ಚಿತು. ನರಸಿಂಹನ ಮಗಳಿಗೆ ಸುಸೂತ್ರವಾಗಲಿ ಎಂದ. ತನ್ನ ಮಗಳಿಗೆ ನಿದ್ದೆ ಬರಲಿ ಎಂದ.

ಮುಂದಿನ ಟ್ರಿಪ್ಪಿಗೆ ಹೋದರೆ ಬೇವಿನ ಮರದ ಕೆಳಗೆ ಜಾಗವೇ ಇಲ್ಲ. ರಾಜಸ್ಥಾನದ ಲಾರಿ, ತಮಿಳುನಾಡಿನ ಲಾರಿ, ಕರೀಂನಗರದ ಟ್ಯಾಂಕರು, ಸಾಲಾಗಿ ನಿಂತಿವೆ. ಕಲ್ಲಿಗೆ ಯಾರೋ ಬೆಳ್ಳಿಯ ಕಣ್ಣು ಅಂಟಿಸಿದ್ದಾರೆ. ಕೊನೆಯಲ್ಲಿ ಅಂಬಾದಾಸನ ಗಾಡಿಯೂ ಇತ್ತು.

"ನೀ ಯಾಕ ನಿಂತಿ? ಹೋಳಿಗಿ ಆರತಾವ" ಎಂದ ಬೂದೆಪ್ಪ.

ಅಂಬಾದಾಸ ಸೂರ್ಯ ಮುಳುಗುತ್ತಿದ್ದ ದಿಕ್ಕಿಗೆ ನೋಡಿದ. "ಭಾಳ ಜಾಗೃತ ದೇವರಂತ, ಅಣ್ಣಾ. ಮುಂಜಾನೆ ಪೂಜಿ ಮಾಡದ ಇಳೀಬಾರದಂತ. ನಮಗೇನು ಅಂಜಿಕಿ ಅಂತಲ್ಲ..."

"ಛೆ ಛೆ, ಅಂಜಿಕಿ ಎಲ್ಲೀದು!" ಎಂದು ಬೂದೆಪ್ಪ ಗಾಡಿಯನ್ನು ಹಿಂದಕ್ಕೆ ತಂದು ಸಾಲಿನ ಕೊನೆಗೆ ಹಚ್ಚಿದ. ಇಂಜಿನ್ ಆರಿಸಿದ. ಡ್ಯಾಶ್‌ಬೋರ್ಡಿನ ಕೆಳಗೆ ಕೈಯಾಡಿಸಿ ಡಬ್ಬಿಯ ಎರಡೂ ವೈರು ಬಿಗಿಯಾಗಿವೆಯೇ ಎಂದು ನೋಡಿ, ಟವೆಲ್ಲು ಹೊದ್ದು ಮಲಗಿದ.