ಒಂದಿಂಚು ಇಪ್ಪತ್ತು ಸೆಂಟ್ಸ್

ಕಾಫಿ ಬೆಳೆಗಾರರ ಬಾಯಲ್ಲಿ ಮಳೆಯ ಅಳತೆಗೆ ಸೆಂಟ್ಸ್ ಎಂದು ಹೆಸರು. ನೂರು ಸೆಂಟ್ಸಿಗೆ ಒಂದು ಇಂಚು. ಬೇಸಿಗೆಯ ಮೊದಲಲ್ಲಿ ಕಾಫಿ ಗಿಡಕ್ಕೆ ಹೂ ಬಿಡಿಸುವ ಹೂಮಳೆ ಬಿತ್ತೆಂದರೆ ಸಾಕು, ಬೆಳಿಗ್ಗೆ ಎಂಟರ ಹೊತ್ತಿಗೆ ಗೋಣಿಬೀಡಿನಿಂದ ಬಣಕಲ್‌ವರೆಗೂ ಫೋನುಗಳು ಹೊಡೆದುಕೊಳ್ಳುತ್ತವೆ. ನಿಮಗೆಷ್ಟು, ನಮಗಿಷ್ಟು. ಮಗಳ ಮದುವೆ ಗೊತ್ತಾದದ್ದನ್ನು ಗುಟ್ಟಾಗಿಡುವ ಮನುಷ್ಯನೂ ತನ್ನ ತೋಟಕ್ಕೆ ಬಿದ್ದ ಮಳೆಯನ್ನು ಗುಟ್ಟಾಗಿಡಲಾರ. ಗೋಣಿಬೀಡಿನ ಸುಬ್ಬಣ್ಣನವರ ತೋಟಕ್ಕಂತೂ ಮಳೆ ಯಾವಾಗಲೂ ಪಕ್ಕದವರಿಗಿಂತ ಒಂದು ಹಿಡಿ ಜಾಸ್ತಿಯೇ. ‘ನಮ್ಮ ಜಾಗದ ಗುಣ’ ಎನ್ನುತ್ತಿದ್ದರು ಅವರು, ಮೋಡವನ್ನು ತಾವೇ ಸಾಕಿ ದೊಡ್ಡದು ಮಾಡಿದವರ ಹಾಗೆ.

ಆ ಮಳೆಯನ್ನು ಮೂವತ್ತೊಂದು ವರ್ಷದಿಂದ ಅಳೆದು ರಿಜಿಸ್ಟರಿಗೆ ಬರೆಯುತ್ತ ಬಂದವನು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಗುರುವಯ್ಯ. ಅವನ ಮಗಳು ಕುಸುಮಾ ಕಂಪ್ಯೂಟರ್ ಓದಿ, ಮೂಡಿಗೆರೆಯ ಝೆರಾಕ್ಸ್ ಅಂಗಡಿಯೊಂದರಲ್ಲಿ ಕೂತು ಮೂರು ವರ್ಷದಿಂದ ಊರವರ ಆನ್‌ಲೈನ್ ಅರ್ಜಿಗಳನ್ನು ತುಂಬುತ್ತಿದ್ದಳು. ತುಂಬಿ ತುಂಬಿ ಸಾಕಾಗಿ, ಬಿಡುವಿದ್ದಾಗಲೆಲ್ಲ ಕೂತು ಒಂದು ಆ್ಯಪ್ ಮಾಡಿದಳು. ಹೆಸರು ‘ಹೂಮಳೆ’. ಪ್ರತಿ ಎಸ್ಟೇಟಿನವರೂ ಬೆಳಿಗ್ಗೆ ತಮ್ಮ ಸೆಂಟ್ಸ್ ಹಾಕಿದರೆ ಎಲ್ಲರ ಮಳೆಯೂ ಒಂದೇ ನಕ್ಷೆಯ ಮೇಲೆ ಅಕ್ಕಪಕ್ಕ ಕಾಣುತ್ತದೆ. ಬದುಕಿನಲ್ಲಿ ತನ್ನದು ಅಂತ ಅವಳು ಮಾಡಿದ್ದು ಅದೊಂದೇ. ಅದು ಆ್ಯಪ್ ಸ್ಟೋರಿನಲ್ಲಿ ಬಂದುಬಿಟ್ಟರೆ ತಾನು ಅರ್ಜಿ ತುಂಬುವ ಹುಡುಗಿ ಅಲ್ಲ ಎಂದು ಅವಳಿಗೇ ನಂಬಿಕೆಯಾಗುತ್ತಿತ್ತು.

ಆದರೆ ಸ್ಟೋರಿನವರದು ಒಂದು ನಿಯಮ. ಹೊಸಬರ ಆ್ಯಪನ್ನು ಮೊದಲು ಹನ್ನೆರಡು ಜನ ತಮ್ಮ ಫೋನಿಗೆ ಹಾಕಿಕೊಂಡು, ಹದಿನಾಲ್ಕು ದಿನ ಬಿಡದೆ ಪರೀಕ್ಷೆ ಮಾಡಬೇಕು. ನಡುವೆ ಒಬ್ಬ ಬಿಟ್ಟುಹೋದರೂ ಮತ್ತೆ ಒಂದರಿಂದ ಎಣಿಕೆ. ಮೊದಲ ಸಲ ಕಾಲೇಜಿನ ಗೆಳೆಯರನ್ನು ಕಾಡಿಬೇಡಿ ಸೇರಿಸಿದ್ದಳು. ಹನ್ನೊಂದನೇ ದಿನ ಅರುಣ್ ಎಂಬ ಪುಣ್ಯಾತ್ಮ ಫೋನಿನಲ್ಲಿ ಜಾಗ ಸಾಲದೆಂದು ಆ್ಯಪನ್ನು ಕಿತ್ತುಹಾಕಿದ. ಅವತ್ತು ಕುಸುಮಾ ಅಂಗಡಿಯ ಹಿಂದೆ ನಿಂತು ಅತ್ತಳು, ಮನೆಗೆ ಬಂದೂ ಅತ್ತಳು.

ಅವಳ ಅಳು ನೋಡಲಾಗದೆ ಗುರುವಯ್ಯ ಸುಬ್ಬಣ್ಣನವರ ಮುಂದೆ ಕೈಕಟ್ಟಿ ನಿಂತ. ಸುಬ್ಬಣ್ಣನವರಿಗೆ ಖುಷಿಯೋ ಖುಷಿ. ‘ನಮ್ಮ ರೈಟರ್ ಮಗಳು’ ಎಂದು ಪಕ್ಕದ ತೋಟದ ಬಸವಪ್ರಸಾದ್, ದೇವರಾಜ ಎಲ್ಲರನ್ನೂ ಹಿಡಿದು ಒಂದೇ ಸಂಜೆಗೆ ಹನ್ನೆರಡು ಬೆಳೆಗಾರರನ್ನು ಸೇರಿಸಿಕೊಟ್ಟರು.

ಅವತ್ತು ಊಟಕ್ಕೆ ಕೂತಾಗ ಗುರುವಯ್ಯ ಕೇಳಿದ.

“ಪಕ್ಕದ ತೋಟದ್ದೂ ನಮ್ಮದೂ ಒಟ್ಟಿಗೇ ಕಾಣುತ್ತಾ ಮಗಾ?”

“ಅಕ್ಕಪಕ್ಕ ಕಾಣುತ್ತೆ ಅಪ್ಪ. ಅದಕ್ಕೇ ಅಲ್ವಾ ಆ್ಯಪ್ ಇರೋದು.”

“ಹಂಗಾ” ಎಂದು ಗುರುವಯ್ಯ ಅನ್ನ ಕಲಸಿದ. ಕಲಸುತ್ತಲೇ ಇದ್ದ. ಸುಸ್ತಾಗಿರಬೇಕು ಅಂದುಕೊಂಡಳು ಕುಸುಮಾ.

ಒಂಬತ್ತನೇ ದಿನ ಸಂಜೆ ಹೂಮಳೆ ಬಿತ್ತು. ಮಾರನೇ ದಿನ ಭಾನುವಾರ. ಬೆಳಿಗ್ಗೆ ಎಂಟಕ್ಕೆ ಆ್ಯಪಿನ ನಕ್ಷೆ ತುಂಬಿಕೊಳ್ಳುತ್ತಿದ್ದರೆ ಕುಸುಮಾಗೆ ಹೊಟ್ಟೆ ತುಂಬಿದಷ್ಟು ಸಂತೋಷ. ದೇವರಾಜ ತೊಂಬತ್ತು. ಬಸವಪ್ರಸಾದ್ ಎಂಬತ್ತೆಂಟು. ಸುಬ್ಬಣ್ಣನವರ ತೋಟ, ಅಪ್ಪ ಹಾಕಿದ ಲೆಕ್ಕ, ಒಂದಿಂಚು ಇಪ್ಪತ್ತು.

ಅರ್ಧ ಗಂಟೆಯಲ್ಲಿ ಬಂಗಲೆಯಿಂದ ಕರೆ ಬಂತು. ಅಪ್ಪನೂ ಬರಬೇಕಂತೆ, ಮಗಳೂ ಬರಬೇಕಂತೆ.

ಮಳೆ ಅಳೆಯುವ ರೇನ್‌ಗೇಜ್ ಇದ್ದದ್ದು ಕಾಫಿ ಒಣಗಿಸುವ ಕಣದ ಪಕ್ಕ, ಬಸವಪ್ರಸಾದರ ಬೇಲಿಯಿಂದ ಹತ್ತು ಮಾರು ದೂರದಲ್ಲಿ. ಅಲ್ಲಿ ಆರೇಳು ಜನ ಬೆಳೆಗಾರರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಬಸವಪ್ರಸಾದ್ ತಮ್ಮ ಫೋನನ್ನು ಎಲ್ಲರಿಗೂ ತೋರಿಸುತ್ತಿದ್ದರು. ಹೇಗೂ ಅಕ್ಕಪಕ್ಕ ಕಾಣುತ್ತದಲ್ಲ, ನೋಡಿಯೇಬಿಡೋಣ ಎಂದು ಬೆಳಿಗ್ಗೆ ಆರಕ್ಕೇ ಬೇಲಿ ದಾಟಿ ಬಂದು, ಈ ಗೇಜಿನ ನೀರನ್ನು ಅಳತೆ ಗ್ಲಾಸಿಗೆ ಸುರಿದು, ಫೋಟೋ ತೆಗೆದು, ಒಂದು ಹನಿ ಚೆಲ್ಲದೆ ವಾಪಸ್ ಸುರಿದು ಹೋಗಿದ್ದರು. ಫೋಟೋದಲ್ಲಿದ್ದದ್ದು ಎಂಬತ್ತೆಂಟೇ.

“ಬೇಲಿ ಆಚೆ ಎಂಬತ್ತೆಂಟು, ಈಚೆ ನೂರಿಪ್ಪತ್ತು. ನಿಮ್ಮ ರೈಟರ್ ಕೈಗುಣ ದೊಡ್ಡದು ಸುಬ್ಬಣ್ಣೋರೆ” ಎಂದರು ಬಸವಪ್ರಸಾದ್. “ಮೂವತ್ತು ವರ್ಷ ನಾವೂ ನಂಬಿದ್ವಲ್ಲ ಮಾರಾಯ್ರೆ.”

ಎಲ್ಲರೂ ನಕ್ಕರು. ಸುಬ್ಬಣ್ಣನವರೂ ನಕ್ಕರು, ಬೇರೆ ದಾರಿಯಿರಲಿಲ್ಲ. ನಕ್ಕು ಮುಗಿಸಿ ಗುರುವಯ್ಯನ ಕಡೆ ತಿರುಗಿದರು.

“ಏನೋ ಇದು?”

ಗುರುವಯ್ಯ ನೆಲ ನೋಡಿದ. ಒಂದು ಮಾತು ಆಡಿದ್ದರೆ ಸಾಕಿತ್ತು, ಆಡಲಿಲ್ಲ. ಆ ಮಾತು ಏನೆಂದು ಕುಸುಮಾಗೆ ತಿಳಿದದ್ದು ಸಂಜೆ ಮನೆಯಲ್ಲಿ. “ಮೊದಲನೇ ವರ್ಷ ಇದ್ದಿದ್ದನ್ನೇ ಬರ್ದಿದ್ದೆ ಮಗಾ. ಪಕ್ಕದವ್ರಿಗಿಂತ ಹತ್ತು ಸೆಂಟ್ಸ್ ಕಮ್ಮಿ. ಸಾವ್ಕಾರ್ರು ರಿಜಿಸ್ಟ್ರು ಅಂಗಳಕ್ಕೆ ಎಸೆದು, ಸರಿಯಾಗಿ ನೋಡ್ಕೊಂಡ್ ಬಾ ಅಂದ್ರು. ಹೋಗಿ ನೋಡ್ದೆ, ಅಷ್ಟೇ ಇತ್ತು. ಇಪ್ಪತ್ತು ಸೇರಿಸಿ ಬರ್ದೆ. ಅವತ್ತು ಒಳಗೆ ಕರೆದು ಕಾಫಿ ಕೊಡ್ಸಿದ್ರು.”

ಬೆಳಿಗ್ಗೆ ಕಣದಲ್ಲಿ ಮಾತ್ರ ಸುಬ್ಬಣ್ಣನವರು ಮೋಸಹೋದ ಸಾಧುವಿನ ಮುಖ ಮಾಡಿಕೊಂಡಿದ್ದರು. ಮಾನ ಉಳಿಸಿಕೊಳ್ಳಲು ಅವರಿಗೆ ಯಾರಾದರೂ ಬೇಕಿತ್ತು, ಗುರುವಯ್ಯ ಎದುರಿಗೇ ನಿಂತಿದ್ದ.

“ನೋಡಮ್ಮ ಕುಸುಮಾ” ಎಂದರು, ಬಹಳ ಮೆತ್ತಗೆ. “ನಿನ್ನಪ್ಪನ್ನ ಕೆಲಸದಿಂದ ತೆಗೆಯೋದಿಲ್ಲ. ಆದ್ರೆ ಇನ್ನು ದಿನಾ ಗ್ಲಾಸ್ ಮುಖದ ಪಕ್ಕ ಹಿಡ್ಕೊಂಡು ಫೋಟೋ ತೆಗ್ಸಿ ಹಾಕ್ಬೇಕು. ಗ್ಲಾಸೂ ಕಾಣ್ಬೇಕು, ಮುಖಾನೂ ಕಾಣ್ಬೇಕು. ಫೋಟೋ ಇಲ್ದೆ ಲೆಕ್ಕ ಒಳಗೇ ಹೋಗ್ಬಾರ್ದು. ಹಂಗೆ ಮಾಡ್ಕೊಡು ನಿನ್ನ ಆ್ಯಪಲ್ಲಿ. ಇಲ್ಲಾಂದ್ರೆ ನಾವು ಹನ್ನೆರಡು ಜನಾನೂ ಈಗ್ಲೇ ತೆಗ್ದುಬಿಡ್ತೀವಿ.”

ದೇವರಾಜರು ಆಗಲೇ ಫೋನ್ ತೆಗೆದು ಬೆರಳು ಇಟ್ಟುಕೊಂಡಿದ್ದರು, ತಮಾಷೆಗೆ. ಕುಸುಮಾ ಆ ಬೆರಳನ್ನೇ ನೋಡಿದಳು. ಹತ್ತು ದಿನ ಆಗಿತ್ತು. ಇನ್ನು ನಾಲ್ಕು. ಅಪ್ಪನ ಮುಖದ ಕಡೆ ಅವಳು ತಿರುಗಲಿಲ್ಲ. ತಿರುಗಿದ್ದರೆ ಒಪ್ಪಿಕೊಳ್ಳಲು ಆಗುತ್ತಿರಲಿಲ್ಲ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡಳು, ಅದೂ ಸುಳ್ಳಿರಬಹುದು.

“ಮಾಡ್ಕೊಡ್ತೀನಿ ಸಾವ್ಕಾರ್ರೆ” ಎಂದಳು.

ಮಾಡಿಕೊಟ್ಟಳು. ಬಲು ಚೆನ್ನಾಗಿ ಮಾಡಿಕೊಟ್ಟಳು. ಮುಖ ಕಾಣದ ಫೋಟೋವನ್ನು ಆ್ಯಪ್ ತಾನೇ ತಿರಸ್ಕರಿಸುತ್ತಿತ್ತು. ಮಾರನೇ ದಿನದಿಂದ ಎಂಟಕ್ಕೆ ಸರಿಯಾಗಿ ಗುರುವಯ್ಯ ಗ್ಲಾಸನ್ನು ಕೆನ್ನೆಯ ಪಕ್ಕ ಹಿಡಿದು ನಿಲ್ಲುತ್ತಿದ್ದ, ಹನ್ನೆರಡು ಜನ ತಮ್ಮ ತಮ್ಮ ತಿಂಡಿಯ ಮೇಜಿನಲ್ಲಿ ನೋಡುತ್ತಿದ್ದರು. ಮೀಸೆ ಟ್ರಿಮ್ ಮಾಡಿಸು ಎಂದು ಒಬ್ಬರು ಬರೆದರು. ನಗು ಮಾರಾಯ ಎಂದು ಇನ್ನೊಬ್ಬರು. ಒಬ್ಬರೂ ಬಿಟ್ಟುಹೋಗಲಿಲ್ಲ. ಹದಿನಾಲ್ಕು ದಿನ ತುಂಬಿತು.

ಸ್ಟೋರಿಗೆ ಕಳಿಸುವಾಗ ಆ್ಯಪಿನ ಕೆಲವು ಚಿತ್ರಗಳನ್ನು ಜೊತೆಗಿಡಬೇಕು. ಕುಸುಮಾ ಹುಡುಕಿದಳು. ನಕ್ಷೆಯದು ಮಂಕಾಗಿತ್ತು. ಅಪ್ಪನ ಫೋಟೋ ಒಂದು ಮಾತ್ರ ಬಿಸಿಲಿನಲ್ಲಿ ಸ್ಪಷ್ಟವಾಗಿ ಬಂದಿತ್ತು, ಗ್ಲಾಸಿನ ಗೆರೆಗಳೂ ಎಣಿಸುವ ಹಾಗೆ. ಅದನ್ನೇ ಮೊದಲನೆಯದಾಗಿ ಹಾಕಿದಳು. ಗೆರೆಗಳು ಎಷ್ಟು ಚೆನ್ನಾಗಿ ಬಂದಿವೆ ಎಂದಷ್ಟೇ ಅವಳಿಗೆ ಆ ಹೊತ್ತು ಕಂಡದ್ದು.

ವಾರದೊಳಗೆ ಒಪ್ಪಿಗೆ ಸಿಕ್ಕಿತು. ಅಂಗಡಿಯಿಂದ ಓಡಿ ಬಂದು ಅಪ್ಪನಿಗೆ ತೋರಿಸಿದಳು. ಗುರುವಯ್ಯ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ.

“ಇದನ್ನ ಯಾರ್ಯಾರು ನೋಡ್ಬಹುದು?”

“ಎಲ್ಲರೂ ಅಪ್ಪ. ಪ್ರಪಂಚದಲ್ಲಿ ಯಾರು ಬೇಕಾದ್ರೂ.”

ಹೇಳಿದ ಮೇಲೆ ಅವಳಿಗೆ ಫೋಟೋದಲ್ಲಿ ಅಪ್ಪನ ಮುಖ ಕಾಣಿಸಿತು. ಗುರುವಯ್ಯ ತಲೆಯಾಡಿಸಿ, “ಒಳ್ಳೇದಾಯ್ತು ಮಗಾ, ನಿನ್ನ ಕೆಲಸ ಆಯ್ತಲ್ಲ” ಎಂದು ಫೋನ್ ವಾಪಸ್ ಕೊಟ್ಟ.

ಮರುದಿನ ಅವನು ಗಡ್ಡ ಹೆರೆದು, ಮದುವೆಗಳಿಗೆಂದು ಇಟ್ಟಿದ್ದ ಬಿಳಿ ಅಂಗಿ ಹಾಕಿಕೊಂಡು ಕಣಕ್ಕೆ ಬಂದ. ಅವತ್ತು ಮಳೆಯಿರಲಿಲ್ಲ, ಗ್ಲಾಸು ಒಣಗಿತ್ತು. ಸೊನ್ನೆಗೂ ಫೋಟೋ ಬೇಕೇ ಬೇಕು ಎಂದು ಆ್ಯಪಿನಲ್ಲಿ ಬರೆದವಳು ಕುಸುಮಾಳೇ. ಗುರುವಯ್ಯ ಖಾಲಿ ಗ್ಲಾಸನ್ನು ಕೆನ್ನೆಗೆ ಹಿಡಿದು ನಿಂತ. ಅವಳು ಫೋನ್ ಎತ್ತಿದಳು. ಅವನ ಮುಖ ತಗ್ಗಿತ್ತು, ಆ್ಯಪ್ ಫೋಟೋವನ್ನು ತಿರಸ್ಕರಿಸಿತು.

“ಮುಖ ಕಾಣ್ತಿಲ್ವಂತೆ ಅಪ್ಪ” ಎಂದಳು. “ಇನ್ನೊಂಚೂರು ಮೇಲೆತ್ತು.”

ಅವನು ಎತ್ತಿದ.