ಮೂವತ್ತೇಳನೆಯ ಉತ್ತರ

"ಓದು, ಓದು. ನಿಲ್ಲಿಸಬೇಡ," ಅಂದ ಅವನು. ಅವಳನ್ನು ತಡೆಯಬೇಕಿದ್ದದ್ದು ಆಗಲೇ.

ವಿಶ್ವವಿದ್ಯಾಲಯದ ಎರಡನೇ ಮಹಡಿಯ ಆ ಕೋಣೆಗೆ ಪ್ರತಿ ಶನಿವಾರ ಬರುತ್ತಿದ್ದ. ಸ್ವಂತ ಉದ್ಯಮ ಕಟ್ಟಹೊರಟ ವಿದ್ಯಾರ್ಥಿಗಳಿಗೆ ಊರಿನ ಮಾಲೀಕರು ದಾರಿ ತೋರಿಸಬೇಕಂತೆ. ಎದೆಗೆ ‘ಮಾರ್ಗದರ್ಶಕರು’ ಎಂಬ ಬಿಲ್ಲೆ ಬೇರೆ. ಅವನದು ಔಷಧಿ ಬಾಟಲಿಗಳ ಮುಚ್ಚಳದ ಕಾರ್ಖಾನೆ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ., ಇಪ್ಪತ್ತಾರು ವರ್ಷದ ಅನುಭವ, ಒಂದು ಮುಚ್ಚಳವೂ ಸೋರಿದ್ದಿಲ್ಲ. ಈ ಕೊನೆಯ ಮಾತನ್ನು ಯಾರು ಕೇಳಲಿ ಬಿಡಲಿ ಹೇಳುತ್ತಿದ್ದ.

ಎದುರು ಕೂತ ಹುಡುಗಿ ಇಂಜಿನಿಯರಿಂಗ್ ಕೊನೇ ವರ್ಷದವಳು. ಬೆರಳಿಗೆ ಬಲವಿಲ್ಲದವರೂ ತೆರೆಯಬಹುದಾದ ಮುಚ್ಚಳ ಮಾಡಿದ್ದಳು. ಇವತ್ತು ಸಂಜೆ ಐದರೊಳಗೆ ಅವನು ಶಿಫಾರಸಿಗೆ ಸಹಿ ಹಾಕಿದರೆ ಅವಳಿಗೆ ಒಂದು ವರ್ಷ ವಿಶ್ವವಿದ್ಯಾಲಯದ ವರ್ಕ್‌ಶಾಪು, ಮುಚ್ಚಳ ಎರೆಯುವ ಅಚ್ಚು ಎರಡೂ ಸಿಗುತ್ತಿದ್ದವು. ಇಲ್ಲದಿದ್ದರೆ ಇಲ್ಲ. ಹಾಕೋಣ ಎಂದೇ ಬಂದಿದ್ದ.

ಐವತ್ತು ಜನ ಅಪರಿಚಿತರನ್ನು ಕೇಳು, ಹೆಸರು ಮಾತ್ರ ಕೇಳಬೇಡ, ಹೆಸರು ಕೊಟ್ಟವರು ನಿಜ ಹೇಳೋಲ್ಲ. ಇದು ಅವನೇ ಕಲಿಸಿದ ಪಾಠ. ಅವಳು ಔಷಧಿ ಅಂಗಡಿಗಳ ಮುಂದೆ ನಿಂತು ಹಾಗೇ ಕೇಳಿಕೊಂಡು ಬಂದಿದ್ದಳು.

"ಮೂವತ್ತೇಳು. ಹೆಂಗಸು, ಐವತ್ತೆಂಟು ವರ್ಷ, ಬೆರಳುಗಂಟು ನೋವು. ಮುಚ್ಚಳ ಹೇಗೆ ತೆಗೀತೀರಿ? ‘ಅಡುಗೆಮನೆ ಬಾಗಿಲ ಸಂದಿಗೆ ಸಿಕ್ಕಿಸಿ ತಿರುಗಿಸ್ತೀನಿ.’ ಮನೆಯವರನ್ನ ಕೇಳಬಹುದಲ್ಲ? ‘ಅಯ್ಯೋ, ಅವರನ್ನಾ! ಮುಚ್ಚಳದ ಕಾರ್ಖಾನೇನೇ ಅವರದು. ಬಿಗಿ ಅಂದ್ರೆ ಮೂರು ದಿನ ಮಾತು ಬಿಡ್ತಾರೆ.’"

ಹುಡುಗಿ ನಕ್ಕಳು. ಊರಲ್ಲಿ ಮುಚ್ಚಳದ ಕಾರ್ಖಾನೆ ಇದ್ದದ್ದು ಒಂದೇ. ನಗು ಮುಗಿಯುವ ಹೊತ್ತಿಗೆ ಅದು ಅವಳಿಗೂ ಹೊಳೆಯಿತು.

"ಯಾರದು?"

"ಹೆಸರು ಕೇಳಬೇಡ ಅಂದಿದ್ರಲ್ಲ ಸಾರ್."

"ಬೇಕಂತಲೇ ಓದಿದೆಯಾ?"

"ನೀವೇ ಓದು ಅಂದ್ರಿ."

"ಅಧಿಕಪ್ರಸಂಗ ಮಾಡಬೇಡ."

ಅವಳು ಹಾಳೆ ಮಗುಚಿಟ್ಟಳು. "ಸಹಿ, ಸಾರ್?"

"ನೋಡೋಣ."

"ಇವತ್ತೇ ಕೊನೆ."

"ನೋಡೋಣ ಅಂದ್ನಲ್ಲ!"

ಶಿಫಾರಸಿನ ಕಾಗದ ಮಡಚಿ ಜೇಬಿಗಿಟ್ಟು ಎದ್ದ. ಬಿಲ್ಲೆ ಕೀಳಲು ಮರೆತಿದ್ದ. ಕಾರಿನಲ್ಲಿ ಮೈಯೆಲ್ಲ ಉರಿಯಿತು. ಹುಡುಗಿಯ ಮೇಲೆ ಸಿಟ್ಟು, ಪಾಠ ಕಲಿಸಿದ ತನ್ನ ನಾಲಿಗೆಯ ಮೇಲೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚು ಹೆಂಡತಿಯ ಮೇಲೆ. ಗುರುತಿಲ್ಲದವಳ ಮುಂದೆ ಬಾಯಿ ಬಿಡುತ್ತಾಳೆ, ಬಾಗಿಲ ಸಂದಿಯ ಬಗ್ಗೆ ಗಂಡನ ಮುಂದೆ ಇಷ್ಟು ವರ್ಷ ತುಟಿ ಪಿಟಕ್ಕೆನ್ನಲಿಲ್ಲ! ಮೂರು ದಿನವಂತೆ. ಎಣಿಸಿದ್ದಾಳೆ!

ಹೆಂಡತಿ ಅಕ್ಕನ ಮನೆಗೆ ಹೋಗಿದ್ದಳು. ಬಯ್ಯಲು ಯಾರೂ ಇಲ್ಲದ ಮನೆಯಲ್ಲಿ ಫೋನನ್ನು ಹೊರಗಿನ ಕೋಣೆಯ ಮೇಜಿನ ಮೇಲೆ ಬಿಸಾಕಿ ನೇರ ಅಡುಗೆಮನೆಗೆ ನಡೆದ.

ಬಾಗಿಲಿನ ಕೀಲಿನ ಪಕ್ಕ, ಅವಳ ಎದೆಯೆತ್ತರದಲ್ಲಿ, ಮರದ ಅಂಚು ಉದ್ದಕ್ಕೂ ಜಜ್ಜಿಹೋಗಿತ್ತು. ಹೋದ ವರ್ಷ ಇದೇ ಗುರುತು ತೋರಿಸಿ ಬಣ್ಣ ಬಳಿಯುವವನ ಮೇಲೆ ಹಾರಾಡಿದ್ದ. ನಾನಲ್ಲ ಸ್ವಾಮಿ, ಹಳೇದು, ಅಂತ ಅವನು ಗೋಗರೆದಿದ್ದ. ಪಕ್ಕದಲ್ಲೇ ನಿಂತಿದ್ದ ಹೆಂಡತಿ ನೆಲ ನೋಡುತ್ತಿದ್ದಳು.

ಗೂಡಿನಿಂದ ಅವಳ ನೋವಿನ ಔಷಧಿ ತೆಗೆದ. ಹೊಸ ಬಾಟಲಿ, ತನ್ನದೇ ಕಾರ್ಖಾನೆಯ ಮುಚ್ಚಳ. ತಿರುಗಿಸಿದ. ಅಂಗೈ ಜಾರಿತು. ಅಂಗಿಗೆ ಕೈ ಒರೆಸಿ ಹಲ್ಲು ಕಚ್ಚಿ ತಿರುಗಿಸಿದ. ಜಪ್ಪಯ್ಯ ಅಂದರೂ ಮುಚ್ಚಳ ಅಲುಗಲಿಲ್ಲ.

"ಥೂ, ನಿನ್ನ!"

ಯಾರಿಗೆ ಅಂದದ್ದೋ. ಮುಚ್ಚಳವನ್ನು ಸಂದಿಗೆ ಸಿಕ್ಕಿಸಿ ಭುಜ ಕೊಟ್ಟು ಬಾಗಿಲು ಒತ್ತಿದ.

ಹೊರಗೆ ಫೋನು ಬಡಿದುಕೊಳ್ಳತೊಡಗಿತು. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಎಂಟು ನಿಮಿಷ ಬಾಕಿ. ಈಗ ಕೈಬಿಟ್ಟರೆ ಬಾಟಲಿ ಬಿದ್ದು ಒಡೆಯುತ್ತದೆ. ಒಡೆದರೆ ಅವಳಿಗೆ ಗೊತ್ತಾಗುತ್ತದೆ. ಫೋನು ನಿಂತಿತು. ಮತ್ತೆ ಶುರುವಾಯಿತು. ಅವನು ಇನ್ನೂ ಬಲವಾಗಿ ಒತ್ತಿದ. ಜೇಬಿನ ಕಾಗದ ಮುದುಡಿತು, ಬಿಲ್ಲೆಯ ಪಿನ್ನು ಎದೆಗೆ ಚುಚ್ಚಿತು.

ಅಡ್ಡಲಾಗಿ ಸಿಕ್ಕಿಕೊಂಡ ಬಾಟಲಿಯಿಂದ ಒಂದು ಹನಿಯೂ ಸೋರಲಿಲ್ಲ.