ಬಾಯಿ ಮುಚ್ಚಿದ ಕಂಪ್ಯೂಟರ್

ಹತ್ತೂವರೆಗೆ ಸರಿಯಾಗಿ ಕಂಪ್ಯೂಟರ್ ಬಾಯಿ ಮುಚ್ಚಿಕೊಂಡಿತು. ಹುಟ್ಟಿನಿಂದ ಕಣ್ಣು ಕಾಣದ ವಿನುತಾಳಿಗೆ ಪರದೆಯ ಮೇಲಿನದನ್ನೆಲ್ಲ ಗಡಗಡ ಓದಿ ಹೇಳುತ್ತಿದ್ದುದು ಅದೇ ದನಿ. ಹನ್ನೊಂದಕ್ಕೆ ಆನ್‌ಲೈನ್ ಇಂಟರ್‌ವ್ಯೂ. ಏಳು ಕಡೆ ಬೇಡವೆನ್ನಿಸಿಕೊಂಡ ಮೇಲೆ ಬಂದ ಕರೆ. ಇದೂ ಹೋದರೆ ಅಪ್ಪನ ತರಕಾರಿ ಅಂಗಡಿಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತ ಕೂರುವುದೇ ಗತಿ.

ಕಂಪ್ಯೂಟರ್ ತರಬೇತಿಯಲ್ಲಿ ಜೊತೆಗಿದ್ದ ಅಮರ್‌ಗೆ ಫೋನ್ ಮಾಡಿದಳು. ಅವನಿಗೂ ಕಣ್ಣಿಲ್ಲ.

"ಇಂಟರ್‌ವ್ಯೂ ಆ್ಯಪ್ ತೆಗೆದ ತಕ್ಷಣ ಓದೋ ದನಿ ಸತ್ತೋಯ್ತು ಕಣೋ!"

"ಆ ಆ್ಯಪ್ ಸೌಂಡೆಲ್ಲ ತನಗೇ ಅಂತ ಹಿಡ್ಕೊಂಡಿದೆ ಅಷ್ಟೆ. ಅದನ್ನ ಮುಚ್ಚು, ದನಿ ಬರುತ್ತೆ. ಆಮೇಲೆ ಸೌಂಡ್ ಸೆಟ್ಟಿಂಗ್ಸಲ್ಲಿ ಒಂದೇ ಆ್ಯಪ್‌ಗೆ ಪೂರ್ತಿ ಹಿಡಿತ ಕೊಡೋ ಟಿಕ್ ಇದೆ ನೋಡು, ತೆಗೆದ್ಬಿಡು."

ಟಿಕ್ ತೆಗೆದು ಆ್ಯಪ್ ಮತ್ತೆ ತೆರೆದಳು. ಸ್ಪೀಕರಿನಲ್ಲಿ ಆ್ಯಪ್, ಓದುವ ದನಿ ಎರಡೂ ಒಟ್ಟಿಗೆ ಮಾತಾಡಿದವು. ಅಬ್ಬಾ! ಹೋದ ಜೀವ ಬಂದಂತಾಯಿತು.

ತಮ್ಮ ವೇಣು ಪಕ್ಕದಲ್ಲಿ ಕೂತು, ಮೌಸ್ ಹಿಡಿದು ಕ್ಯಾಮೆರಾ ಸರಿಮಾಡಿದ. ಅಮ್ಮ ಮುನಿಗಂಗಮ್ಮ ಬಾಗಿಲಿಂದಲೇ ಪಿಸುಗುಟ್ಟಿದಳು: "ತಲೆ ತಗ್ಗಿಸ್ಕೊಂಡು ಕೂತ್ಕೊಳೇ." ಹೆಣ್ಣು ನೋಡಲು ಬಂದಾಗಲೂ ಅಮ್ಮನದು ಅದೇ ಮಾತು. ಎರಡು ಸಲವೂ ಗಂಡಿನವರಿಗೆ ಕಾಫಿ ಮುಗಿಯುವ ಮೊದಲೇ ಅವಳಿಗೆ ಕಣ್ಣಿಲ್ಲವೆಂದು ಗೊತ್ತಾಗಿತ್ತು, ಅದು ಬೇರೆ ವಿಷಯ.

ಮೊದಲ ಹತ್ತು ನಿಮಿಷ ಮಾತು ಚೆನ್ನಾಗಿಯೇ ಸಾಗಿತು. ಆಮೇಲೆ ಆ ಕಡೆಯ ಮೇಡಂ, "ಒಬ್ಬ ಗ್ರಾಹಕರ ದೂರು ಕಳಿಸಿದೀವಿ. ಓದಿ, ಉತ್ತರ ಬರೀರಿ" ಎಂದರು.

ವಿನುತಾ ಕೀ ಒತ್ತಿದಳು. ದನಿಯಿಲ್ಲ. ಮತ್ತೆ ಒತ್ತಿದಳು. ಊಹೂಂ. ವೇಣುವಿಗಾಗಿ ಕೈ ಚಾಚಿದಳು, ಕುರ್ಚಿ ಖಾಲಿ.

"ಒಂದು ನಿಮಿಷ ಮೇಡಂ, ಓದೋ ಸಾಫ್ಟ್‌ವೇರ್ ಕೈಕೊಟ್ಟಿದೆ."

ಒಂದು ನಿಮಿಷ ಐದಾಯಿತು.

"ಕೆಲಸದಲ್ಲೂ ಹೀಗೇ ಆದ್ರೆ ಕಷ್ಟ ಅಲ್ವಾಮ್ಮ? ಇನ್ನೊಬ್ಬರು ಕಾಯ್ತಿದಾರೆ. ಆಮೇಲೆ ತಿಳಿಸ್ತೀವಿ."

ಆ ಕೊನೆಯ ಮಾತನ್ನು ಅವಳು ಈ ಮೊದಲು ಏಳು ಸಲ ಕೇಳಿದ್ದಳು.

ವೇಣು ಕಾಫಿ ತಂದ. "ಹೆಂಗಾಯ್ತಕ್ಕಾ?"

"ಮತ್ತೆ ದನಿ ಹೋಯ್ತು ಕಣೋ. ಟಿಕ್ ತೆಗೆದಿದ್ದೆ, ಯಾಕೆ ಹೋಯ್ತೋ!"

ಅವನು ಲೋಟ ಕೆಳಗಿಟ್ಟ ಸದ್ದಾಯಿತು.

"ನಾನೇ ಓದೋ ದನಿ ಒಂದನ್ನ ಮ್ಯೂಟ್ ಮಾಡಿ ಎದ್ದು ಹೋದೆ. ಆ ಗಡಗಡ ಅವ್ರಿಗೆ ಕೇಳ್ಸಿದ್ರೆ ನಿಂಗೆ ಕಣ್ಣಿಲ್ಲ ಅಂತ ಗೊತ್ತಾಗ್ಬಿಡುತ್ತಲ್ಲಾ... ಅಮ್ಮನೇ ಮಾಡು ಅಂದ್ಲು."



"ಅರ್ಜಿಯ ಮೊದಲನೇ ಸಾಲಲ್ಲೇ ಅದನ್ನ ಬರ್ದಿದ್ದೆ ಕಣೋ" ಎಂದಳು ವಿನುತಾ. "ಓದೇ ಅವರು ನನ್ನ ಕರ್ದಿದ್ದು."